ಹೀರೋ ಪಕ್ಕದಲ್ಲಿ ಚೀಚ್ ಮರಿನ್: ಗಾಲ್ಫ್ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೋಲಬೇಕಾದವರು ಗೆಲ್ಲಲು ಹೊರಡುವ ಗಾಲ್ಫ್ ಸಿನಿಮಾಗಳ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹೀರೋನ ಬಗ್ಗೆ ಇರುವುದಿಲ್ಲ, ಅವನ ಪಕ್ಕ ಬ್ಯಾಗ್ ಹೊತ್ತು ನಿಂತವನ ಬಗ್ಗೆ ಇರುತ್ತವೆ. ಅದರಲ್ಲೂ ಚೀಚ್ ಮರಿನ್ ಹೆಸರು ಮತ್ತೆ ಮತ್ತೆ ಬರುತ್ತದೆ. ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಕೇಳಿದ್ದನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಸಿನಿಮಾಗಳ ಕೊನೆ ಏನಾಗುತ್ತದೆ ಎಂಬುದೂ ಇಲ್ಲಿ ಬರುತ್ತದೆ. ನೋಡಿ ಆಮೇಲೆ ಓದುತ್ತೇನೆ ಎನ್ನುವವರು ಮೊದಲ ಭಾಗಕ್ಕೆ ನಿಲ್ಲಿಸಬಹುದು.

## ಮೊದಲ ಪರಿಚಯ

ಚೀಚ್ ಮರಿನ್ ಅಂದ್ರೆ ಯಾರು? ಮುಖ ನೋಡಿದ ಹಾಗಿದೆ, ಹೆಸರು ಗೊತ್ತಿಲ್ಲ.

ಮುಖಕ್ಕಿಂತ ಧ್ವನಿಯನ್ನು ನೀವು ಕೇಳಿರುವ ಸಾಧ್ಯತೆ ಹೆಚ್ಚು. 1994ರ 'ದ ಲಯನ್ ಕಿಂಗ್' ಚಿತ್ರದ ಮೂರು ಕತ್ತೆಕಿರುಬಗಳಲ್ಲಿ ಬಂಜಾಯ್ ಎಂಬುದಕ್ಕೆ ಧ್ವನಿ ಕೊಟ್ಟವರು ಅವರು. 'ಕಾರ್ಸ್' ಚಿತ್ರದ ರಮೋನ್ ಕೂಡ ಅವರೇ. ಪೂರ್ತಿ ಹೆಸರು ರಿಚರ್ಡ್ ಆಂಥನಿ ಮರಿನ್. 1946ರ ಜುಲೈ 13ರಂದು ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಮೆಕ್ಸಿಕನ್ ಮೂಲದ ಅಮೆರಿಕನ್. ತಂದೆ ಆ ನಗರದ ಪೊಲೀಸ್ ಇಲಾಖೆಯಲ್ಲಿದ್ದರು.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕಡ್ಡಾಯ ಸೇನಾ ಭರ್ತಿ ಬೇಡವೆಂದು ಕೆನಡಾಕ್ಕೆ ಹೋದರು. ಅಲ್ಲಿ ವ್ಯಾಂಕೂವರ್‌ನಲ್ಲಿ ಟಾಮಿ ಚಾಂಗ್ ಸಿಕ್ಕರು. ಈ ಜೋಡಿ 70ರ ದಶಕದಲ್ಲಿ ಹಾಸ್ಯದ ರೆಕಾರ್ಡುಗಳಿಂದ ಮನೆಮಾತಾಯಿತು, ಗ್ರ್ಯಾಮಿ ಪ್ರಶಸ್ತಿಯೂ ಬಂತು. 1978ರ 'ಅಪ್ ಇನ್ ಸ್ಮೋಕ್' ಸಿನಿಮಾ ದೊಡ್ಡ ಹಣ ಮಾಡಿತು. 80ರ ದಶಕದ ಮಧ್ಯದಲ್ಲಿ ಜೋಡಿ ಮುರಿಯಿತು. ಅಲ್ಲಿಂದ ಮುಂದೆ ಮರಿನ್ ಬೆಳೆದದ್ದು ಪೋಷಕ ನಟರಾಗಿ. ಈ ಪುಟ ಇರುವುದು ಆ ಎರಡನೆಯ ಜೀವನದ ಒಂದು ಮೂಲೆಯ ಬಗ್ಗೆ.

ಅವರು ಗಾಲ್ಫ್ ಸಿನಿಮಾ ಎಷ್ಟು ಮಾಡಿದ್ದಾರೆ?

ಇಲ್ಲಿ ಮಾತಾಡುತ್ತಿರುವುದು ಎರಡರ ಬಗ್ಗೆ. 1996ರ 'ಟಿನ್ ಕಪ್' ಚಿತ್ರದಲ್ಲಿ ರೋಮಿಯೋ ಪೊಸಾರ್ ಎಂಬ ಕ್ಯಾಡಿ, ಅಂದರೆ ಆಟಗಾರನ ಬ್ಯಾಗ್ ಹೊತ್ತು ಸಲಹೆ ಕೊಡುವವನು. 2023ರಲ್ಲಿ ಉತ್ಸವದಲ್ಲಿ ತೆರೆ ಕಂಡು 2024ರ ಏಪ್ರಿಲ್‌ನಲ್ಲಿ ಚಿತ್ರಮಂದಿರಕ್ಕೆ ಬಂದ 'ದ ಲಾಂಗ್ ಗೇಮ್' ಚಿತ್ರದಲ್ಲಿ ಪೊಲ್ಲೋ ಎಂಬ ಹಿರಿಯ. ನಡುವೆ ಇಪ್ಪತ್ತೇಳು ವರ್ಷ. ಎರಡೂ ಕಥೆ ನಡೆಯುವುದು ಟೆಕ್ಸಾಸ್ ರಾಜ್ಯದ ಪಶ್ಚಿಮದ ಒಣ ಸೀಮೆಯ ಜನರ ಸುತ್ತ. ಎರಡರಲ್ಲೂ ಮರಿನ್ ಹೀರೋ ಅಲ್ಲ. ಆದರೆ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಗಾಲ್ಫ್ ಸಿನಿಮಾ ಯಾರ ಕಥೆ ಹೇಳುತ್ತದೆ ಎಂಬುದು ಈ ಅವಧಿಯಲ್ಲಿ ಎಷ್ಟು ಬದಲಾಗಿದೆ ಎಂದು ಕಾಣುತ್ತದೆ. ಅದನ್ನು ತೋರಿಸುವುದಕ್ಕೇ ಈ ಪುಟ ಬರೆದದ್ದು.

'ಹ್ಯಾಪಿ ಗಿಲ್ಮೋರ್'ನಲ್ಲಿ ಹೀರೋಗೆ ಆಟ ಕಲಿಸೋದು ಇವರೇ ಅಲ್ವಾ?

ಅಲ್ಲ. ಅದು ಚಬ್ಸ್ ಪೀಟರ್ಸನ್ ಪಾತ್ರ, ಮಾಡಿದವರು ಕಾರ್ಲ್ ವೆದರ್ಸ್. ಎರಡೂ ಸಿನಿಮಾ ಬಂದದ್ದು 1996ರಲ್ಲೇ, ಎರಡರಲ್ಲೂ ಹೀರೋ ಒರಟ, ಪಕ್ಕದಲ್ಲಿ ಬುದ್ಧಿ ಹೇಳುವವನೊಬ್ಬ. ಹಾಗಾಗಿ ಬಹಳ ಜನರಿಗೆ ಕಲಸಿಹೋಗಿದೆ.

ನಂಗೆ ಗಾಲ್ಫ್ ಗಂಧಗಾಳಿ ಇಲ್ಲ. ನೋಡಿದ್ರೆ ಏನಾದ್ರೂ ಅರ್ಥ ಆಗುತ್ತಾ?

ಆಗುತ್ತದೆ. ಮೂರು ವಿಷಯ ಗೊತ್ತಿದ್ದರೆ ಸಾಕು. ಒಂದು, ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದವನು ಗೆಲ್ಲುತ್ತಾನೆ. ಪ್ರತಿ ಹೋಲ್‌ಗೂ ಒಬ್ಬ ಒಳ್ಳೆಯ ಆಟಗಾರನಿಗೆ ಇಷ್ಟು ಹೊಡೆತ ಸಾಕು ಎಂಬ ಲೆಕ್ಕ ಇರುತ್ತದೆ, ಅದು ಪಾರ್. ಎರಡು, ಚೆಂಡು ನೀರಿಗೆ ಬಿದ್ದರೆ ದಂಡವಾಗಿ ಒಂದು ಹೊಡೆತ ಸೇರುತ್ತದೆ. ಮೂರನೆಯದು ನಮ್ಮ ವಿಷಯಕ್ಕೆ ಮುಖ್ಯ. ಒಬ್ಬಂಟಿಯಾಗಿ ಆಡುವ ಸ್ಪರ್ಧೆಯಲ್ಲಿ ಯಾವ ಕ್ಲಬ್ (ಚೆಂಡು ಹೊಡೆಯುವ ಕೋಲು) ತೆಗೆದುಕೊಳ್ಳಲಿ, ಎತ್ತ ಹೊಡೆಯಲಿ ಎಂದು ಆಟಗಾರ ಕೇಳಬಹುದಾದದ್ದು ತನ್ನ ಕ್ಯಾಡಿಯನ್ನು ಮಾತ್ರ. ಬೇರೆ ಯಾರನ್ನು ಕೇಳಿದರೂ ದಂಡ. ಕೋಚ್ ಪ್ರೇಕ್ಷಕರನ್ನು ತಡೆಯುವ ಹಗ್ಗದ ಆಚೆ, ಹೆಂಡತಿ ಹಗ್ಗದ ಆಚೆ, ಗುರು ಹಗ್ಗದ ಆಚೆ. ಒಳಗೆ ಜೊತೆಯಲ್ಲಿರುವ ಮನುಷ್ಯ ಒಬ್ಬನೇ. ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ವರ ಬೇಕೆ?

ಯಾವುದನ್ನ ಮೊದಲು ನೋಡಲಿ? ಮಕ್ಕಳನ್ನ ಕೂರಿಸ್ಕೊಂಡು ನೋಡಬಹುದಾ?

'ಟಿನ್ ಕಪ್' ಮೊದಲು, ಅದು ದೊಡ್ಡವರಿಗೆ. ಅಮೆರಿಕದಲ್ಲಿ ಅದಕ್ಕೆ ಆರ್ ಪ್ರಮಾಣಪತ್ರ ಕೊಟ್ಟಿದ್ದಾರೆ, ಮಾತು ಒರಟಾಗಿದೆ. 'ದ ಲಾಂಗ್ ಗೇಮ್' ಮಕ್ಕಳ ಜೊತೆ ನೋಡಬಹುದು, ಅದರ ಪ್ರಮಾಣಪತ್ರ ಪಿಜಿ. ಅದರಲ್ಲಿ ಜನಾಂಗ ನಿಂದನೆಯ ಮಾತುಗಳು ಬರುತ್ತವೆ. ಮಕ್ಕಳು ಕೇಳಿದರೆ ತಡೆಯದೆ ಉತ್ತರಿಸಿ, ಸಿನಿಮಾ ಇರುವುದೇ ಅದರ ಬಗ್ಗೆ.

## ಟಿನ್ ಕಪ್

ರೋಮಿಯೋ ಮಾಡೋ ಕೆಲಸ ಆದ್ರೂ ಏನು? ಬ್ಯಾಗ್ ಹೊರೋದಷ್ಟೇನಾ?

ಬೇಡ ಎನ್ನುವುದು ಅವನ ಕೆಲಸ.

ಕಥೆಯ ಹೀರೋ ರಾಯ್ ಮೆಕವಾಯ್ ಪಾತ್ರದಲ್ಲಿ ಕೆವಿನ್ ಕಾಸ್ಟ್‌ನರ್. ಪಶ್ಚಿಮ ಟೆಕ್ಸಾಸ್‌ನ ಸಲೋಮ್ ಎಂಬ ಊರಿನಲ್ಲಿ ದುಡ್ಡು ಕೊಟ್ಟು ಚೆಂಡು ಹೊಡೆಯುವ ಹಾಳುಬಿದ್ದಂಥ ಒಂದು ಡ್ರೈವಿಂಗ್ ರೇಂಜ್ ನಡೆಸುತ್ತಾನೆ. ಕೈಯಲ್ಲಿ ದೇಶದ ದೊಡ್ಡ ಆಟಗಾರರಿಗೆ ಸರಿಸಮನಾದ ವಿದ್ಯೆ ಇದೆ. ಆದರೆ ಎಲ್ಲಿ ಹುಷಾರಾಗಿ ಆಡಬೇಕೋ ಅಲ್ಲಿ ಆಡುವ ಗುಣ ಇಲ್ಲ. ಎದುರಿಗೆ ನೀರಿದ್ದರೆ ಅದನ್ನು ಹಾರಿಸಿಯೇ ಹೊಡೆಯಬೇಕು. ಬಾಟಲಿ, ಬಾಜಿ, ಬಾಯಿ ಮೂರೂ ಜೋರು. ಇವನ ಜೊತೆ ಇರುವವನು ರೋಮಿಯೋ. ಗೆಳೆಯ, ಅಂಗಡಿಯ ಸಂಗಾತಿ, ಕ್ಯಾಡಿ, ಕಾಲಿಗೆ ಕಟ್ಟಿದ ಗುಂಡು, ಎಲ್ಲವೂ ಅವನೇ. ಮೂವತ್ತು ಮೀರಿದ ಗಂಡಸರಿಬ್ಬರು ಜಗಳಾಡುತ್ತಲೇ ಒಬ್ಬರನ್ನೊಬ್ಬರು ಬಿಡಲಾರದೆ ಇರುವುದನ್ನು ಇಷ್ಟು ಸಲೀಸಾಗಿ ತೋರಿಸಿದ ಕ್ರೀಡಾ ಚಿತ್ರಗಳು ಕಡಿಮೆ.

ಈ ಪಾತ್ರದ ಬೆಲೆ ತಿಳಿಯಬೇಕಾದರೆ ಮೊದಲರ್ಧದ ಒಂದು ಸನ್ನಿವೇಶ ನೋಡಿ. ಆಗ ಬ್ಯಾಗ್ ಹೊರುವವನು ಸ್ವತಃ ರಾಯ್. ಕಾಲೇಜು ದಿನಗಳ ಜೊತೆಗಾರ ಡೇವಿಡ್ ಸಿಮ್ಸ್ ಈಗ ಹೆಸರಾಂತ ಆಟಗಾರ, ಒಂದು ಪ್ರದರ್ಶನ ಪಂದ್ಯಕ್ಕೆ ರಾಯ್‌ನನ್ನು ಕ್ಯಾಡಿಯಾಗಿ ಕರೆಯುತ್ತಾನೆ. ನೀರು ಅಡ್ಡ ಬಂದ ಕಡೆ ಸಿಮ್ಸ್ ಬುದ್ಧಿವಂತನಾಗಿ ಹಿಂದೆಯೇ ಚೆಂಡು ನಿಲ್ಲಿಸಲು ಹೊರಡುತ್ತಾನೆ. ರಾಯ್‌ಗೆ ತಡೆಯುವುದಿಲ್ಲ. ನಾನಾದರೆ ಹಾರಿಸುತ್ತಿದ್ದೆ ಎಂದು ಬಾಯಿ ಬಿಡುತ್ತಾನೆ, ಸುತ್ತಲಿನವರು ಬಾಜಿ ಕಟ್ಟುತ್ತಾರೆ, ರಾಯ್ ಹೊಡೆಯುತ್ತಾನೆ, ಹಾರಿಸಿಯೂ ಬಿಡುತ್ತಾನೆ. ಅಲ್ಲೇ ಕೆಲಸ ಹೋಗುತ್ತದೆ. ಹೊಡೆತ ಅದ್ಭುತ, ಕ್ಯಾಡಿ ಶೂನ್ಯ. ತನ್ನ ಆಸೆಯನ್ನು ಬದಿಗಿಟ್ಟು ಇನ್ನೊಬ್ಬನ ಆಟ ಆಡಿಸುವುದು ಏನೆಂದು ರಾಯ್‌ಗೆ ಗೊತ್ತೇ ಇಲ್ಲ. ರೋಮಿಯೋ ಸಿನಿಮಾ ಪೂರ್ತಿ ಮಾಡುವುದು ಅದನ್ನೇ. ಅವನ ಕೆಲಸ ಎಷ್ಟು ಕಷ್ಟದ್ದು ಎಂದು ಅವನು ಪರದೆಯ ಮೇಲೆ ಇಲ್ಲದ ಆ ದೃಶ್ಯವೇ ಹೇಳಿಬಿಡುತ್ತದೆ.

ಅರ್ಹತಾ ಸುತ್ತಿನಲ್ಲಿ ಕ್ಲಬ್ ಮುರೀತಾರಲ್ಲ, ಅದು ಸ್ವಲ್ಪ ಅತಿ ಆಯ್ತು ಅನ್ನಿಸ್ಲಿಲ್ವಾ?

ನನಗೆ ಅನ್ನಿಸಿಲ್ಲ. ಸಿನಿಮಾದಲ್ಲಿ ಮರಿನ್ ನಟನೆಯ ಅತ್ಯುತ್ತಮ ಗಳಿಗೆ ಅದು.

ಯು.ಎಸ್. ಓಪನ್ ಹೆಸರಿಗೆ ತಕ್ಕಂತೆ ಓಪನ್. ತಕ್ಕ ಮಟ್ಟದ ಆಟ ಇರುವ ಹವ್ಯಾಸಿಗಳೂ ವೃತ್ತಿಪರರೂ ಸ್ಥಳೀಯ ಅರ್ಹತಾ ಸುತ್ತು, ಆಮೇಲೆ ಅಂತಿಮ ಅರ್ಹತಾ ಸುತ್ತು ದಾಟಿ ಒಳಗೆ ಬರಬಹುದು. ಡ್ರೈವಿಂಗ್ ರೇಂಜ್‌ನವನೊಬ್ಬ ದೇಶದ ಅತಿ ದೊಡ್ಡ ಪಂದ್ಯದಲ್ಲಿ ನಿಲ್ಲುತ್ತಾನೆ ಎಂಬ ಕಥೆ ಈ ಒಂದು ನಿಯಮದಿಂದಲೇ ನಂಬುವಂತಾಗುತ್ತದೆ.

ಆ ಸುತ್ತಿನಲ್ಲಿ ಚೆನ್ನಾಗಿ ಆಡುತ್ತಿರುವ ರಾಯ್‌ಗೆ ಹುಷಾರಾಗಿ ಹೊಡಿ ಎಂದು ರೋಮಿಯೋ ಹೇಳುತ್ತಾನೆ. ರಾಯ್ ಡ್ರೈವರ್ ಕೊಡು ಎನ್ನುತ್ತಾನೆ, ಅದು ಚೆಂಡನ್ನು ಅತಿ ದೂರ ಹೊಡೆಯುವ ಕ್ಲಬ್. ಮಾತಿಗೆ ಮಾತು ಬೆಳೆದು ರೋಮಿಯೋ ಡ್ರೈವರನ್ನೇ ಮುರಿದು ಹಾಕುತ್ತಾನೆ. ರಾಯ್ ಇನ್ನೂ ಹಟದವನು. ಉಳಿದ ಕ್ಲಬ್ಬುಗಳನ್ನು ಒಂದೊಂದಾಗಿ ಎತ್ತಿ, ಇದು ಯಾವಾಗ ಹೇಗೆ ಕೈಕೊಡುತ್ತದೆ ಎಂದು ಹೇಳುತ್ತ ತಾನೇ ಮುರಿಯುತ್ತಾನೆ. ಉಳಿಯುವುದು ಮಧ್ಯಮ ದೂರಕ್ಕೆ ಹೊಡೆಯುವ ಸೆವೆನ್ ಐಯರ್ನ್ ಒಂದೇ. ರೋಮಿಯೋ ಬ್ಯಾಗ್ ಬಿಟ್ಟು ನಡೆದುಬಿಡುತ್ತಾನೆ. ರಾಯ್ ಆ ಒಂದೇ ಕ್ಲಬ್ಬಿನಲ್ಲಿ ಸುತ್ತು ಮುಗಿಸಿ ಅರ್ಹತೆ ಪಡೆಯುತ್ತಾನೆ.

ನಿಯಮದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಬ್ಯಾಗಿನಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರಬಾರದು ಅಷ್ಟೇ, ಕಡಿಮೆ ಎಷ್ಟಾದರೂ ಇರಬಹುದು. ಗಮನಿಸಬೇಕಾದದ್ದು ಬೇರೆ. ಆ ಗಳಿಗೆಯವರೆಗೆ ಮರಿನ್ ಧ್ವನಿ ಏರಿಸಿಯೇ ಇಲ್ಲ, ಗೊಣಗಿದ್ದಾರೆ, ಛೇಡಿಸಿದ್ದಾರೆ. ಇಲ್ಲಿ ಮೊದಲ ಸಲ ಸಿಟ್ಟು ಬರುತ್ತದೆ, ಅದರ ಅಡಿಯಲ್ಲಿ ದುಃಖ ಇದೆ. ಇಷ್ಟು ದಿನ ಜೊತೆಗಿದ್ದೂ ನನ್ನ ಮಾತಿಗೆ ಬೆಲೆ ಇಲ್ಲವಲ್ಲ ಎನ್ನುವ ದುಃಖ. ಹಾಸ್ಯನಟರು ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಅಪರೂಪ.

ಚಿಲ್ಲರೆ ಕಾಸು ಒಂದು ಜೇಬಿಂದ ಇನ್ನೊಂದಕ್ಕೆ ಹಾಕಿಸ್ತಾನಲ್ಲ, ಅದರಲ್ಲಿ ಏನಾದ್ರೂ ಅರ್ಥ ಇದ್ಯಾ?

ಇದೆ. ಯು.ಎಸ್. ಓಪನ್‌ಗೆ ಬಂದ ಮೇಲೆ ರಾಯ್‌ಗೆ ಶ್ಯಾಂಕ್ ಅಂಟಿಕೊಳ್ಳುತ್ತದೆ. ಕ್ಲಬ್ಬಿನ ಮುಖಕ್ಕೆ ತಾಗಬೇಕಾದ ಚೆಂಡು ಹಿಡಿಕೆ ಕೂಡುವ ಬುಡಕ್ಕೆ ತಾಗಿ ಅಡ್ಡಡ್ಡ ಹಾರುವುದು. ಒಮ್ಮೆ ಶುರುವಾದರೆ ಬಿಡದ ಕಾಟ ಎಂದು ಆಟಗಾರರು ಹೆದರುತ್ತಾರೆ, ಕೆಲವರು ಆ ಹೆಸರನ್ನೇ ಬಾಯಲ್ಲಿ ತರುವುದಿಲ್ಲ. ಸುತ್ತಲೂ ಹೆಸರಾಂತ ಆಟಗಾರರು ನೋಡುತ್ತಿದ್ದಾರೆ. ರೋಮಿಯೋ ತಂತ್ರದ ಮಾತೇ ಆಡುವುದಿಲ್ಲ. ಜೇಬಿನ ಚಿಲ್ಲರೆ ಈ ಕಡೆಯಿಂದ ಆ ಕಡೆಗೆ ಹಾಕಿಸುತ್ತಾನೆ, ಟೋಪಿ ಹಿಂದುಮುಂದು ಮಾಡಿಸುತ್ತಾನೆ, ಶೂ ದಾರಕ್ಕೆ ಎರಡು ಗಂಟು ಹಾಕಿಸುತ್ತಾನೆ, ಕಿವಿ ಸಂದಿಯಲ್ಲಿ ಟೀ (ಚೆಂಡು ಕೂರಿಸುವ ಮೊಳೆ) ಸಿಕ್ಕಿಸಿಕೊಳ್ಳಲು ಹೇಳುತ್ತಾನೆ. ಈಗ ಹೊಡಿ ಎನ್ನುತ್ತಾನೆ. ಚೆಂಡು ನೇರ ಹೋಗುತ್ತದೆ.

ಕೈ ತಪ್ಪುತ್ತಿರುವುದು ಕೈಯಿಂದಲ್ಲ, ತಲೆಯಿಂದ ಎಂದು ರೋಮಿಯೋಗೆ ಗೊತ್ತು. ತಲೆಗೆ ಬೇರೆ ಕೆಲಸ ಕೊಟ್ಟು ಕೈಯನ್ನು ಅದರ ಪಾಡಿಗೆ ಬಿಡುತ್ತಾನೆ. ರಾಯ್ ಪ್ರೀತಿಸುವ ಮಾಲಿ, ರೆನೆ ರುಸ್ಸೋ ಮಾಡಿದ ಪಾತ್ರ, ವೃತ್ತಿಯಿಂದ ಮನಶ್ಶಾಸ್ತ್ರಜ್ಞೆ ಎಂಬುದನ್ನು ಮರೆಯಬೇಡಿ. ಮನಶ್ಶಾಸ್ತ್ರ ಓದಿ ಬಂದವಳು ಒಬ್ಬಳು, ಓದದೆ ಅದನ್ನೇ ಮಾಡುವವನು ಇನ್ನೊಬ್ಬ.

ಕೊನೇ ಹೋಲ್‌ನಲ್ಲಿ 12 ಅನ್ನೋ ಲೆಕ್ಕ ಹೇಗೆ ಬಂತು? ಅಷ್ಟು ಸಲ ಹೊಡೆದ ಹಾಗೆ ಕಾಣಲ್ಲ.

ಎಣಿಸೋಣ. ಮೊದಲ ಹೊಡೆತ ನಡುವಿನ ಕತ್ತರಿಸಿದ ಹುಲ್ಲಿನ ದಾರಿಗೆ, ಅಂದರೆ ಫೇರ್‌ವೇಗೆ, ಅದು 1. ಎರಡನೆಯದು ನೀರು ದಾಟಿ ಕುಳಿಯ ಸುತ್ತಲಿನ ನುಣುಪು ಹುಲ್ಲಾದ ಗ್ರೀನ್ ಮೇಲೆ ಬಿದ್ದು ಹಿಂದಕ್ಕೆ ಉರುಳಿ ನೀರು ಸೇರುತ್ತದೆ. ದಂಡ ಒಂದು, ಸೇರಿ 3. ಮತ್ತೆ ಹೊಡೆದದ್ದು 4, ನೀರು, ದಂಡ ಸೇರಿ 5. ಹೀಗೆ 6, 8, 10ನೆಯ ಹೊಡೆತಗಳೂ ನೀರಿಗೇ. ಅಂದರೆ ಐದು ಚೆಂಡು ಮುಳುಗಿದವು. ಹನ್ನೆರಡನೆಯ ಲೆಕ್ಕಕ್ಕೆ ಬರುವ ಹೊಡೆತ ದೂರದಿಂದ ನೇರ ಕುಳಿಗೆ ಬೀಳುತ್ತದೆ. ಕೈಯಿಂದ ಹೊಡೆದದ್ದು ಏಳು ಸಲ, ದಂಡ ಐದು.

ಮುಂದೆ ಹೋಗಿ ಹತ್ತಿರದಿಂದ ಚೆಂಡು ಇಟ್ಟುಕೊಂಡು ಆಡುವ ಅವಕಾಶ ಅವನಿಗಿತ್ತು. ಬೇಡವೆಂದು ಅದೇ ಜಾಗದಿಂದ ಹೊಡೆಯುತ್ತಾನೆ. ಇಲ್ಲಿ ರೋಮಿಯೋನನ್ನು ನೋಡಿ. ಮೊದಲು ತಡೆಯುತ್ತಾನೆ. ಆಮೇಲೆ ಒಂದು ಹಂತದಲ್ಲಿ ತಡೆಯುವುದನ್ನು ಬಿಟ್ಟು ಬ್ಯಾಗಿಗೆ ಕೈ ಹಾಕಿ ಚೆಂಡು ತೆಗೆದು ಕೊಡುತ್ತಾನೆ. ಉಳಿದಿರುವುದು ಇದೊಂದೇ ಎಂದು ತಿಳಿಸುವವನೂ ಅವನೇ. ಸಿನಿಮಾ ಪೂರ್ತಿ ಬೇಡ ಎಂದವನು ಕೊನೆಗೆ ಸುಮ್ಮನೆ ಜೊತೆ ನಿಲ್ಲುತ್ತಾನೆ. ಪಂದ್ಯ ಹೋಯಿತು. ಆದರೆ ಮೊದಲ ಹದಿನೈದರೊಳಗೆ ಬಂದದ್ದರಿಂದ ಮುಂದಿನ ವರ್ಷದ ಓಪನ್‌ಗೆ ನೇರ ಪ್ರವೇಶ ಸಿಕ್ಕಿದೆ ಎಂದು ಮಾಲಿ ಆಮೇಲೆ ಹೇಳುತ್ತಾಳೆ.

ಇದೆಲ್ಲಾ ನಿಜವಾಗಿ ನಡೆದಿದ್ದಾ? ಶೂಟಿಂಗ್ ಎಲ್ಲಿ?

ಕಥೆ ಕಲ್ಪನೆ. ಕೊನೆಯ ದೃಶ್ಯಕ್ಕೆ ಮಾತ್ರ ಬೇರು ಇದೆ. ವೃತ್ತಿಪರ ಆಟಗಾರ, ಟಿವಿ ವೀಕ್ಷಕ ವಿವರಣೆಗಾರ ಗ್ಯಾರಿ ಮೆಕಾರ್ಡ್ 1987ರಲ್ಲಿ ಮೆಂಫಿಸ್‌ನ ಪಂದ್ಯವೊಂದರಲ್ಲಿ ಹೀಗೇ ಹಟ ಹಿಡಿದು ಒಂದರ ಮೇಲೊಂದು ಚೆಂಡು ನೀರಿಗೆ ಹೊಡೆದಿದ್ದರು. ಅವರೇ ಈ ಸಿನಿಮಾಕ್ಕೆ ಗಾಲ್ಫ್ ಸಲಹೆಗಾರರು, ಪರದೆಯ ಮೇಲೆ ವಿವರಣೆಗಾರರಾಗಿ ಬರುತ್ತಾರೆ ಕೂಡ. ನಿರ್ದೇಶಕ ರಾನ್ ಶೆಲ್ಟನ್ ಸ್ವತಃ ಬೇಸ್‌ಬಾಲ್‌ನ ಕೆಳ ಲೀಗುಗಳಲ್ಲಿ ಆಡಿದವರು. ಎಂದೂ ಮೇಲಕ್ಕೆ ಏರದ ಆಟಗಾರನ ಮನಸ್ಸು ಅವರಿಗೆ ಒಳಗಿನಿಂದ ಗೊತ್ತು.

ಓಪನ್ ನಡೆಯುವುದು ನಾರ್ತ್ ಕ್ಯಾರೊಲೈನಾದಲ್ಲಿ ಎಂದು ಕಥೆ ಹೇಳಿದರೂ ಆ ಹದಿನೆಂಟನೆಯ ಹೋಲ್ ಇರುವುದು ಹ್ಯೂಸ್ಟನ್ ಪಕ್ಕದ ಕಿಂಗ್‌ವುಡ್‌ನಲ್ಲಿ. ಆ ಕಡೆ ಇರುವ ಕನ್ನಡಿಗರಿಗೆ ಮನೆಯಿಂದ ಬಹಳ ದೂರವೇನಲ್ಲ. ಡ್ರೈವಿಂಗ್ ರೇಂಜ್ ದೃಶ್ಯಗಳು ಅರಿಜೋನಾದ ಟ್ಯುಬ್ಯಾಕ್‌ನಲ್ಲಿ ತೆಗೆದವು.

ಸಿನಿಮಾದಲ್ಲಿ ರಾಯ್ ಒಂದು ಸುತ್ತನ್ನು 62 ಹೊಡೆತದಲ್ಲಿ ಮುಗಿಸುತ್ತಾನೆ. ಆಗ ನಿಜ ಯು.ಎಸ್. ಓಪನ್‌ನಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. 2023ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಿಕಿ ಫೌಲರ್ ಮತ್ತು ಜಾಂಡರ್ ಶಾಫ್ಲಿ ಒಂದೇ ದಿನ ಮಾಡಿದರು.

ಸಿಮ್ಸ್ ಪಾತ್ರದವರ ಜೊತೆ ಮರಿನ್ ಒಂದು ಧಾರಾವಾಹಿ ಮಾಡಿದ್ರಲ್ಲ?

ಹೌದು, ಡಾನ್ ಜಾನ್ಸನ್ ಜೊತೆ 'ನ್ಯಾಶ್ ಬ್ರಿಜಸ್'. ಶುರುವಾದದ್ದು ಅದೇ 1996ರಲ್ಲಿ, ನಡೆದದ್ದು 2001ರವರೆಗೆ. ಸಿನಿಮಾದಲ್ಲಿ ಎದುರಾಳಿ ಪಾಳಯ, ಟಿವಿಯಲ್ಲಿ ಜೊತೆಗಾರ ಪೊಲೀಸರು.

## ದ ಲಾಂಗ್ ಗೇಮ್

ಈ ಕಥೆ ನಿಜಾನಾ? ಎಷ್ಟು ನಿಜ?

ಮೂಲ ನಿಜ. ಟೆಕ್ಸಾಸ್‌ನ ಡೆಲ್ ರಿಯೋ ಮೆಕ್ಸಿಕೋ ಗಡಿಗೆ ಅಂಟಿಕೊಂಡ ಊರು. ಹೊಳೆಯ ಆಚೆ ಸ್ಯಾನ್ ಫೆಲಿಪೆ ಎಂಬ ಮೆಕ್ಸಿಕನ್ ಮೂಲದವರ ಕೇರಿ. ಆ ಜನ ತಮ್ಮ ಮಕ್ಕಳಿಗಾಗಿ 1929ರಲ್ಲಿ ತಮ್ಮದೇ ಶಾಲಾ ಆಡಳಿತ ಕಟ್ಟಿಕೊಂಡಿದ್ದರು. ಮರುವರ್ಷವೇ ಡೆಲ್ ರಿಯೋ ಶಾಲೆಗಳು ಮೆಕ್ಸಿಕನ್ ಮಕ್ಕಳನ್ನು ಬೇರೆ ಕೂರಿಸುವುದರ ವಿರುದ್ಧ ಪೋಷಕರು ಕೋರ್ಟಿಗೆ ಹೋದರು. ಸಾಲ್ವಾಟಿಯೆರಾ ಪ್ರಕರಣ ಎಂದು ಅದು ಇತಿಹಾಸದಲ್ಲಿ ಉಳಿದಿದೆ. ಎರಡು ಶಾಲಾ ಆಡಳಿತಗಳು ಒಂದಾದದ್ದು 1971ರಲ್ಲಿ, ಅದೂ ಕೋರ್ಟ್ ಆದೇಶದಿಂದ.

ಸ್ಯಾನ್ ಫೆಲಿಪೆ ಹೈಸ್ಕೂಲಿನ ಹುಡುಗರು ಊರಿನ ಕಂಟ್ರಿ ಕ್ಲಬ್ಬಿನಲ್ಲಿ ಕ್ಯಾಡಿಗಳಾಗಿ ದುಡಿಯುತ್ತಿದ್ದರು. ಬ್ಯಾಗ್ ಹೊರಬಹುದು, ಆಡುವಂತಿಲ್ಲ. ಬಯಲಿನಲ್ಲಿ ತಾವೇ ಕುಳಿ ತೋಡಿ, ಸಿಕ್ಕಿದ ಕ್ಲಬ್ಬುಗಳಿಂದ ಕಲಿತರು. ಶಾಲೆಗಳ ಮೇಲ್ವಿಚಾರಕರಾಗಿದ್ದ ಜೆ.ಬಿ. ಪೆನ್ಯಾ ಈ ಹುಡುಗರನ್ನು ತಂಡ ಮಾಡಿದರು. 1957ರಲ್ಲಿ ಆ ಐವರ ತಂಡ ಟೆಕ್ಸಾಸ್ ರಾಜ್ಯ ಹೈಸ್ಕೂಲ್ ಗಾಲ್ಫ್ ಚಾಂಪಿಯನ್ ಆಯಿತು. ಹುಂಬರ್ಟೋ ಗಾರ್ಸಿಯಾ ಇದನ್ನು ಪುಸ್ತಕವಾಗಿ ಬರೆದರು, ಹೂಲಿಯೋ ಕಿಂಟಾನಾ ಸಿನಿಮಾ ಮಾಡಿದರು. ಪೆನ್ಯಾ ಪಾತ್ರ ಜೇ ಹೆರ್ನಾಂಡೆಜ್ ಅವರದು, ಜೊತೆಗೆ ನಿಲ್ಲುವ ಫ್ರಾಂಕ್ ಮಿಚೆಲ್ ಆಗಿ ಡೆನಿಸ್ ಕ್ವೇಡ್. ಆಸ್ಟಿನ್‌ನ ಎಸ್ಎಕ್ಸ್ಎಸ್‌ಡಬ್ಲ್ಯು ಉತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು.

ಸಿನಿಮಾ ಘಟನೆಗಳನ್ನು ಕೂಡಿಸಿದೆ, ಕಳೆದಿದೆ. ನನಗೆ ಅದರ ತಕರಾರಿಲ್ಲ. ಶಾಲೆಯ ಹಿಂದಿನ ಆ ಮೂವತ್ತು ವರ್ಷದ ಹೋರಾಟಕ್ಕೆ ಇನ್ನೆರಡು ನಿಮಿಷ ಕೊಟ್ಟಿದ್ದರೆ ಹುಡುಗರ ಗೆಲುವು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು ಎನ್ನುವುದು ಮಾತ್ರ ನನ್ನ ಕೊರಗು.

ಪೊಲ್ಲೋ ಪಾತ್ರ ಇಷ್ಟೇ ಇಷ್ಟು. ಅದಕ್ಕೆ ಚೀಚ್ ಯಾಕೆ ಬೇಕಿತ್ತು?

ಪಾತ್ರ ಚಿಕ್ಕದು, ನಿಜ. ಪೊಲ್ಲೋ ಕ್ಲಬ್ಬಿನಲ್ಲಿ ದುಡಿಯುವ ಹಿರಿಯ, ಹುಡುಗರನ್ನು ಬಲ್ಲವನು. ಕಥೆ ಅವನಿಂದ ಮುಂದೆ ಸಾಗುವುದಿಲ್ಲ. ಆದರೆ ಆ ಕ್ಲಬ್ಬಿನಲ್ಲಿ ಬಾಲ್ಯದಿಂದ ಬ್ಯಾಗ್ ಹೊತ್ತು, ಹುಲ್ಲು ನೋಡಿಕೊಂಡು, ಒಂದು ದಿನವೂ ಆಟಗಾರನಾಗಿ ಆ ಹುಲ್ಲಿನ ಮೇಲೆ ನಿಲ್ಲದೆ ಮುದುಕರಾದವರು ಎಷ್ಟೋ ಜನ ಇದ್ದಿರಬೇಕು. ತಂಡ ಕಟ್ಟದೇ ಹೋಗಿದ್ದರೆ ಈ ಐವರು ಹುಡುಗರೂ ಅದೇ ಆಗುತ್ತಿದ್ದರು. ಆ ಬಾಳು ಪರದೆಯ ಮೇಲೆ ಒಂದು ಮುಖವಾಗಿ ಬರಲೇಬೇಕಿತ್ತು, ಭಾಷಣವಾಗಿ ಬರಬಾರದಿತ್ತು. ಮರಿನ್ ಬಂದು ನಿಂತರೆ ಪ್ರೇಕ್ಷಕ ಮೊದಲು ನಗುತ್ತಾನೆ, ಯಾಕೆಂದರೆ ಐವತ್ತು ವರ್ಷದಿಂದ ನಗಿಸಿದ ಮುಖ ಅದು. ನಗು ಇಳಿದ ಮೇಲೆ ಮುಖದ ಗೆರೆಗಳು ಕಾಣುತ್ತವೆ. ಹೊಸ ನಟನಿಗೆ ಇದು ಸಾಧ್ಯವಿರಲಿಲ್ಲ.

ಇನ್ನೊಂದು ಕಾರಣವೂ ಇದೆ. ಅಮೆರಿಕದಲ್ಲಿ ಗಾಲ್ಫ್ ಸಿನಿಮಾ ನೋಡುವವರ ತಲೆಯಲ್ಲಿ ಮೆಕ್ಸಿಕನ್ ಕ್ಯಾಡಿ ಎಂದರೆ ರೋಮಿಯೋ. ಅದೇ ನಟನನ್ನು ಮೆಕ್ಸಿಕನ್ ಹುಡುಗರೇ ಹೀರೋಗಳಾಗಿರುವ ಸಿನಿಮಾದಲ್ಲಿ ತಂದು ನಿಲ್ಲಿಸಿದಾಗ, ಹಳೆಯ ಚಿತ್ರದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಎದ್ದು ನಿಲ್ಲುತ್ತದೆ: ಇಷ್ಟು ಬಲ್ಲ ರೋಮಿಯೋ ಯಾಕೆ ಯಾವತ್ತೂ ಆಡಲಿಲ್ಲ?

ಕ್ಯಾಡಿ ಆಗಬಹುದು, ಆಡಬಾರದು ಅಂತ ನಿಜವಾಗ್ಲೂ ನಿಯಮ ಇತ್ತಾ?

ಖಾಸಗಿ ಕ್ಲಬ್ಬುಗಳು ಯಾರಿಗೆ ಸದಸ್ಯತ್ವ ಕೊಡಬೇಕೆಂದು ತಾವೇ ತೀರ್ಮಾನಿಸುತ್ತಿದ್ದವು, ಬರೆದಿಡದಿದ್ದರೂ ಬಾಗಿಲು ಮುಚ್ಚಿರುತ್ತಿತ್ತು. ವೃತ್ತಿಪರ ಆಟದಲ್ಲಂತೂ ಬರೆದೇ ಇಟ್ಟಿದ್ದರು. ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರ ಸಂಘವಾದ ಪಿಜಿಎ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ಕಲಮನ್ನು 1934ರಲ್ಲಿ ಸೇರಿಸಿ 1961ರವರೆಗೆ ಉಳಿಸಿಕೊಂಡಿತ್ತು. ಸ್ಯಾನ್ ಫೆಲಿಪೆ ಹುಡುಗರು ಗೆದ್ದಾಗ ಆ ಕಲಮು ಇನ್ನೂ ಇತ್ತು.

ಮೆಕ್ಸಿಕನ್ ಮೂಲದವರು ಆಮೇಲೆ ಒಳಗೆ ಬಂದ ದಾರಿಯೂ ಹೆಚ್ಚಾಗಿ ಕೆಲಸದವರ ಬಾಗಿಲೇ. ಹೊಮೆರೊ ಬ್ಲಾಂಕಾಸ್ ಅವರ ತಂದೆ ಹ್ಯೂಸ್ಟನ್‌ನ ದೊಡ್ಡ ಕ್ಲಬ್ಬೊಂದರಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದರು, ಮಗ ಪಿಜಿಎ ಟೂರ್‌ನಲ್ಲಿ ಗೆದ್ದರು. ಡಲ್ಲಾಸ್‌ನಲ್ಲಿ ಬಡತನದಲ್ಲಿ ಬೆಳೆದು, ಹುಡುಗನಾಗಿದ್ದಾಗಲೇ ಕ್ಯಾಡಿ ಕೆಲಸಕ್ಕೆ ಬಿದ್ದ ಲೀ ಟ್ರೆವಿನೋ 1968ರ ಯು.ಎಸ್. ಓಪನ್ ಗೆದ್ದರು, ಗಾಲ್ಫಿನ ಅತಿ ದೊಡ್ಡ ಪಂದ್ಯಗಳಾದ ಮೇಜರ್‌ಗಳಲ್ಲಿ ಒಟ್ಟು ಆರು ಪ್ರಶಸ್ತಿ ಅವರವು.

## ಇನ್ನೂ ಆಳಕ್ಕೆ ಇಳಿದವರಿಗೆ

ಬೇರೆ ಆಟದ ಸಿನಿಮಾಗಳಲ್ಲೂ ಇದೇ ಥರ ಪಾತ್ರ ಮಾಡಿದ್ದಾರಾ?

ಮಾಡಿದ್ದಾರೆ, ಅದರಲ್ಲಿ ಒಂದನ್ನು ತಪ್ಪದೆ ನೋಡಿ. 'ದ ಪರ್ಫೆಕ್ಟ್ ಗೇಮ್', ಚಿತ್ರಮಂದಿರಕ್ಕೆ ಬಂದದ್ದು 2010ರಲ್ಲಿ. ಮೆಕ್ಸಿಕೋದ ಮಾಂಟೆರೇ ನಗರದ ಬಡ ಹುಡುಗರ ಬೇಸ್‌ಬಾಲ್ ತಂಡ ಗಡಿ ದಾಟಿ ಅಮೆರಿಕಕ್ಕೆ ಬಂದು ಲಿಟಲ್ ಲೀಗ್ ವಿಶ್ವ ಸರಣಿ ಗೆದ್ದ ಕಥೆ. ಅಮೆರಿಕದ ಹೊರಗಿನ ತಂಡವೊಂದು ಅದನ್ನು ಗೆದ್ದದ್ದು ಅದೇ ಮೊದಲು. ಫೈನಲ್‌ನಲ್ಲಿ ಆಂಖೆಲ್ ಮಸಿಯಾಸ್ ಎಂಬ ಹುಡುಗ ಎದುರಾಳಿಗಳಲ್ಲಿ ಒಬ್ಬನನ್ನೂ ಮೊದಲ ಬೇಸ್‌ಗೆ ಹೋಗಲು ಬಿಡಲಿಲ್ಲ. ಮರಿನ್ ಇದರಲ್ಲಿ ಹುಡುಗರ ಬೆನ್ನಿಗೆ ನಿಲ್ಲುವ ಪಾದ್ರಿ ಎಸ್ತೆಬಾನ್.

ಆ ಗೆಲುವಿನ ವರ್ಷ 1957, ಆಗಸ್ಟ್. ಡೆಲ್ ರಿಯೋ ಹುಡುಗರು ಗಾಲ್ಫ್ ಗೆದ್ದ ಅದೇ ವರ್ಷ! ಗಡಿಯ ಈಚೆ ಒಂದು ತಂಡ, ಆಚೆ ಒಂದು ತಂಡ, ಎರಡೂ ಕಥೆಯಲ್ಲಿ ಹುಡುಗರ ಹತ್ತಿರ ನಿಂತ ಹಿರಿಯ ಒಬ್ಬರೇ ನಟ. ಈ ಎರಡನ್ನೂ ಒಂದೇ ವಾರಾಂತ್ಯಕ್ಕೆ ಇಟ್ಟುಕೊಂಡು ನೋಡುವಂತೆ ಕೇಳಿದವರಿಗೆಲ್ಲ ಹೇಳುತ್ತೇನೆ.

ಬಾಸ್ಕೆಟ್‌ಬಾಲ್ ಕಥೆಯ 'ಚಾಂಪಿಯನ್ಸ್' (2023) ಚಿತ್ರದಲ್ಲೂ ಅವರಿದ್ದಾರೆ. ಬೌದ್ಧಿಕ ಅಂಗವೈಕಲ್ಯ ಇರುವ ಆಟಗಾರರು ಆಡುವ ಕೇಂದ್ರವನ್ನು ನೋಡಿಕೊಳ್ಳುವ ಹೂಲಿಯೋ ಅವರ ಪಾತ್ರ.

ಇದು ಟೈಪ್‌ಕಾಸ್ಟ್ ಅಲ್ವಾ? ಬಿಳಿ ಹೀರೋ ಪಕ್ಕ ಮೆಕ್ಸಿಕನ್ ಚೇಲ. ಇದನ್ನ ಹೊಗಳ್ತೀರಲ್ಲ?

ಈ ಆಕ್ಷೇಪ ಬಂದಾಗಲೆಲ್ಲ ಅದರಲ್ಲಿ ಹುರುಳಿದೆ ಎಂದೇ ಹೇಳಿದ್ದೇನೆ. ರೋಮಿಯೋಗೆ ಮನೆ ಎಲ್ಲಿ, ಹಿಂದಿನ ಕಥೆ ಏನು, ಅವನಿಗೆ ಸ್ವಂತಕ್ಕೆ ಏನು ಬೇಕು ಎಂದು 'ಟಿನ್ ಕಪ್' ವಿಚಾರಿಸುವುದಿಲ್ಲ. ಅವನಿಗಿರುವ ಆಸೆಯೆಲ್ಲ ರಾಯ್ ಗೆಲ್ಲಬೇಕು ಎನ್ನುವುದು. ಇದು ಬರವಣಿಗೆಯ ಕೊರತೆ, ಆ ಕಾಲದ ಹಾಲಿವುಡ್‌ನ ಅಭ್ಯಾಸ ಕೂಡ.

ಆದರೆ ಚೇಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚೇಲ ಹೂಂ ಎನ್ನುತ್ತಾನೆ. ರೋಮಿಯೋ ಬೇಡ ಎನ್ನುತ್ತಾನೆ, ಕ್ಲಬ್ ಮುರಿಯುತ್ತಾನೆ, ಕೆಲಸ ಬಿಟ್ಟು ನಡೆಯುತ್ತಾನೆ, ತನಗೆ ಬೇಕೆನಿಸಿದಾಗ ವಾಪಸ್ ಬರುತ್ತಾನೆ. ಆಟದ ವಿಷಯದಲ್ಲಿ ರಾಯ್‌ಗಿಂತ ಹೆಚ್ಚು ಸಲ ಅವನ ಮಾತೇ ಸರಿ. ಬರೆದವರು ಕೊಡದ ಘನತೆಯನ್ನು ನಟ ದುಡಿದು ಪಡೆದಿದ್ದಾರೆ.

ತನ್ನ ಜನರ ಕಥೆ ಹೇಳಲು ಅವರು ಹಾಲಿವುಡ್ ಬದಲಾಗಲಿ ಎಂದು ಕಾಯುತ್ತ ಕೂರಲಿಲ್ಲ ಎಂಬುದೂ ಲೆಕ್ಕಕ್ಕಿರಲಿ. 1987ರಲ್ಲೇ 'ಬಾರ್ನ್ ಇನ್ ಈಸ್ಟ್ ಎಲ್.ಎ.' ಬರೆದು, ನಿರ್ದೇಶಿಸಿ, ನಟಿಸಿದರು. ಅಮೆರಿಕದಲ್ಲೇ ಹುಟ್ಟಿದವನನ್ನು ಗುರುತಿನ ಚೀಟಿ ಇಲ್ಲವೆಂದು ಮೆಕ್ಸಿಕೋಗೆ ಗಡಿಪಾರು ಮಾಡುವ ಕಥೆ ಅದು. ನಟನೆಯಿಂದ ಬಂದ ಹಣದಲ್ಲಿ ದಶಕಗಳ ಕಾಲ ಮೆಕ್ಸಿಕನ್ ಅಮೆರಿಕನ್ ಕಲಾವಿದರ ಚಿತ್ರಗಳನ್ನು ಕೊಂಡು ಸಂಗ್ರಹಿಸಿದರು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಹಳೆಯ ಗ್ರಂಥಾಲಯದ ಕಟ್ಟಡದಲ್ಲಿ 2022ರ ಜೂನ್‌ನಲ್ಲಿ ಅದಕ್ಕೆ ಕಲಾಕೇಂದ್ರ ತೆರೆಯಿತು. ಜನ ಅದನ್ನು 'ದ ಚೀಚ್' ಎಂದೇ ಕರೆಯುತ್ತಾರೆ.

ನಮ್ಮ ಕಡೆ ಹೀಗೆ ಕ್ಯಾಡಿ ಆಗಿದ್ದವರು ಆಟಗಾರ ಆಗಿದ್ದು ಇದ್ಯಾ?

ಇದೆ, ಬೆಂಗಳೂರಿನಲ್ಲೇ ಇದೆ. ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. 2009ರ ಇಂಡಿಯನ್ ಓಪನ್‌ನಲ್ಲಿ ಕೊರಿಯಾದ ಲೀ ಸಂಗ್ ಜೊತೆ ಸಮವಾಗಿ ಮುಗಿಸಿ, ಪ್ಲೇ ಆಫ್‌ನಲ್ಲಿ ಗೆದ್ದರು. ಬಿಡದಿ ಹತ್ತಿರ ಗಾಲ್ಫ್ ಕೋರ್ಸಿನ ಪಕ್ಕದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ದೇಶದ ಮುಂಚೂಣಿಯ ವೃತ್ತಿಪರ ಆಟಗಾರರಲ್ಲಿ ಒಬ್ಬರಾದರು. ಕನ್ನಡದಲ್ಲಿ ಗಾಲ್ಫ್ ಸಿನಿಮಾ ಮಾಡಬೇಕೆಂದು ಯಾರಾದರೂ ಹೊರಟರೆ ಕಥೆಗೆ ಟೆಕ್ಸಾಸ್‌ವರೆಗೆ ಹೋಗಬೇಕಾಗಿಲ್ಲ.

ಎರಡನೇ ಸಲ ನೋಡುವಾಗ ಮರಿನ್ ನಟನೆಯಲ್ಲಿ ಏನು ಗಮನಿಸಬೇಕು?

ಹೊಡೆತ ಬಿದ್ದಾಗ ಚೆಂಡನ್ನು ನೋಡಬೇಡಿ, ಅವರ ಕಣ್ಣು ನೋಡಿ. ಸಿನಿಮಾದಲ್ಲಿ ಚೆಂಡು ಹಾರುವುದನ್ನು ಬೇರೆ ಶಾಟಿನಲ್ಲಿ ತೋರಿಸುತ್ತಾರೆ. ನಟ ಖಾಲಿ ಆಕಾಶವನ್ನು ನೋಡುತ್ತ ಅಲ್ಲಿ ಚೆಂಡು ಇದೆ ಎಂದು ನಮ್ಮನ್ನು ನಂಬಿಸಬೇಕು. ಮರಿನ್ ಆ ಆಕಾಶವನ್ನು ಹಿಂಬಾಲಿಸುವ ವೇಗದಲ್ಲೇ ಹೊಡೆತ ಒಳ್ಳೆಯದೋ ಕೆಟ್ಟದ್ದೋ ನಮಗೆ ತಿಳಿಯುತ್ತದೆ.

ಎರಡನೆಯದು, ಬ್ಯಾಗ್. ರಾಯ್ ಮಾತು ಕೇಳಿದಾಗ ರೋಮಿಯೋ ಬ್ಯಾಗನ್ನು ಹೇಗೆ ಹಿಡಿಯುತ್ತಾನೆ, ಕೇಳದಿದ್ದಾಗ ಹೇಗೆ ಹಿಡಿಯುತ್ತಾನೆ ನೋಡಿ. ಒಪ್ಪಿಗೆ, ಮುನಿಸು ಎರಡೂ ಮೊದಲು ಬರುವುದು ಅವನ ಭುಜಕ್ಕೆ, ಮಾತು ಆಮೇಲೆ. 'ದ ಲಾಂಗ್ ಗೇಮ್' ನೋಡುವಾಗ ಗುಂಪಿನ ದೃಶ್ಯಗಳಲ್ಲಿ ಮಾತಾಡುತ್ತಿರುವವರನ್ನು ಬಿಟ್ಟು ಅವರು ಇರುವ ಅಂಚಿನತ್ತ ಕಣ್ಣು ಹಾಯಿಸಿ. ಮಾತಿಲ್ಲದ ಆ ಹೊತ್ತಿನಲ್ಲೂ ಅವರು ಹುಡುಗರನ್ನು ನೋಡುತ್ತಲೇ ಇರುತ್ತಾರೆ.